ಮೂರು ನಿಮಿಷದ ಲಾಭ

ಬೆಳಿಗ್ಗೆ ಎಂಟು ಗಂಟೆ. ಕಾಪುವಿನಲ್ಲಿ ಹೆದ್ದಾರಿಗೆ ಹತ್ತಿರದ ಒಂದು ಮನೆಯ ಅಂಗಳ ಎಂದಿಟ್ಟುಕೊಳ್ಳೋಣ. ಪಿ.ಯು.ಸಿ. ಓದುವ ಹುಡುಗ ಅಪ್ಪನ ಸ್ಕೂಟರನ್ನು ಹೊರಗೆ ತೆಗೆದಿದ್ದಾನೆ. ಹಿಂದಿನ ಸೀಟಿನಲ್ಲಿ ಹೈಸ್ಕೂಲಿಗೆ ಹೋಗುವ ತಂಗಿ; ಬೆನ್ನಿಗೆ ಪುಸ್ತಕದ ಚೀಲ. ಹೆಲ್ಮೆಟ್ ಜಗಲಿಯ ಮೊಳೆಯಲ್ಲಿ ನೇತಾಡುತ್ತಿದೆ. "ನಿಧಾನ ಹೋಗು ಮಗಾ" ಎನ್ನುತ್ತಾರೆ ಅಮ್ಮ. "ಆಯ್ತಮ್ಮ, ಈಗಲೇ ತಡ ಆಯ್ತು" ಎನ್ನುವಷ್ಟರಲ್ಲಿ ಹುಡುಗ ಗೇಟು ದಾಟಿರುತ್ತಾನೆ.

ಹೆದ್ದಾರಿಗೆ ಬಂದರೆ ಎದುರಿಗೆ ಡಿವೈಡರ್. ಉಡುಪಿಯ ಕಡೆಗೆ ಹೋಗುವ ದಾರಿ ಅದರ ಆಚೆ ಬದಿಯಲ್ಲಿದೆ. ನಿಯಮದಂತೆ ದಕ್ಷಿಣಕ್ಕೆ ಸ್ವಲ್ಪ ದೂರ ಹೋಗಿ, ತೆರವು ಇರುವಲ್ಲಿ ತಿರುಗಿ, ಮತ್ತೆ ಉತ್ತರಕ್ಕೆ ಬರಬೇಕು. ಆದರೆ ಬಲಕ್ಕೆ ಹೊರಳಿ, ಎದುರು ಬರುವ ವಾಹನಗಳ ಬದಿಯಲ್ಲೇ ನುಸುಳಿಕೊಂಡು ಇನ್ನೂರು ಮೀಟರ್ ಹೋದರೆ ಇನ್ನೊಂದು ತೆರವು ಸಿಗುತ್ತದೆ. ಎಲ್ಲರೂ ಹಾಗೆಯೇ ಹೋಗುತ್ತಾರೆ. ಅವನೂ ಹೋಗುತ್ತಾನೆ.

ಈ ದೃಶ್ಯದಲ್ಲಿ ಕೆಟ್ಟವರು ಯಾರೂ ಇಲ್ಲ. ತಂಗಿಯನ್ನು ಶಾಲೆಗೆ ಬಿಡುವ ಅಣ್ಣ, ಜಾಗ್ರತೆ ಹೇಳುವ ತಾಯಿ, ದುಡಿದ ಹಣದಲ್ಲಿ ಸ್ಕೂಟರ್ ಕೊಂಡ ತಂದೆ. ಆದರೂ ಐದು ನಿಮಿಷದೊಳಗೆ ಇಲ್ಲಿ ನಾಲ್ಕು ತಪ್ಪುಗಳು ಸೇರಿಕೊಂಡಿವೆ. ಹುಡುಗನಿಗೆ ಲೈಸೆನ್ಸಿನ ವಯಸ್ಸಾಗಿಲ್ಲ. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇಲ್ಲ. ಹೊರಟದ್ದು ತಡವಾಗಿ. ಹೋದದ್ದು ವಿರುದ್ಧ ದಿಕ್ಕಿನಲ್ಲಿ. ನಿನ್ನೆಯೂ ಹೀಗೆಯೇ ಹೋಗಿದ್ದರು, ಏನೂ ಆಗಲಿಲ್ಲ. ನಾಳೆಯೂ ಏನೂ ಆಗದಿರಬಹುದು. ಅಪಾಯಕ್ಕೆ ಜನ ಒಗ್ಗಿಕೊಳ್ಳುವುದು ಹೀಗೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅಂದರೆ ದಿನಕ್ಕೆ ಸುಮಾರು 460 ಜನ. ಕರ್ನಾಟಕವೊಂದರಲ್ಲೇ ಆ ವರ್ಷ ಸತ್ತವರು 11,702. ದೇಶದಲ್ಲಿ ಸತ್ತವರಲ್ಲಿ ನೂರಕ್ಕೆ 71 ಮಂದಿಯ ಸಾವಿಗೆ ಅತಿವೇಗವೇ ಕಾರಣ ಎಂದು ದಾಖಲಾಗಿದೆ. ಜಗತ್ತಿನಲ್ಲಿ 5ರಿಂದ 29 ವರ್ಷದೊಳಗಿನವರ ಸಾವಿಗೆ ಮೊದಲ ಕಾರಣ ಯಾವ ರೋಗವೂ ಅಲ್ಲ, ರಸ್ತೆ ಅಪಘಾತ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಶಾಲೆ, ಕಾಲೇಜು, ಮೊದಲ ಉದ್ಯೋಗ, ಮದುವೆ ಎಲ್ಲವೂ ಬರುವುದು ಈ ವಯಸ್ಸಿನಲ್ಲೇ.

ಇಷ್ಟು ದೊಡ್ಡ ಸಂಖ್ಯೆಗಳು ಕಿವಿಗೆ ಬೀಳುತ್ತವೆ, ಮನಸ್ಸಿಗೆ ಇಳಿಯುವುದಿಲ್ಲ. ಹಾಗಾಗಿ ಒಂಬತ್ತು, ಹತ್ತನೇ ತರಗತಿಯ ಪಾಠದಲ್ಲಿರುವ ಸಣ್ಣ ಲೆಕ್ಕಗಳನ್ನು ಹಿಡಿದು ನೋಡುವುದು ಒಳ್ಳೆಯದು.

ಉಳಿದದ್ದು ಎಷ್ಟು?

ಕಾಪುವಿನಿಂದ ಉಡುಪಿಗೆ ಸುಮಾರು 13 ಕಿಲೋಮೀಟರ್. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋದರೆ 13 ನಿಮಿಷ ಬೇಕು. 80ರ ವೇಗದಲ್ಲಿ ಹೋದರೆ 9 ನಿಮಿಷ 45 ಸೆಕೆಂಡು. ಉಳಿಯುವುದು ಮೂರೂಕಾಲು ನಿಮಿಷ. ಅದೂ ಉದ್ಯಾವರ, ಕಟಪಾಡಿಗಳಲ್ಲಿ ಎಲ್ಲೂ ನಿಲ್ಲದೆ, ಒಮ್ಮೆಯೂ ವೇಗ ತಗ್ಗಿಸದೆ ಹೋದರೆ ಮಾತ್ರ. ಪೇಟೆಯೊಳಗಿನ ಲೆಕ್ಕ ಇನ್ನೂ ಸಣ್ಣದು. ಉಡುಪಿಯಿಂದ ಮಣಿಪಾಲಕ್ಕೆ 5 ಕಿಲೋಮೀಟರ್. 40ರ ಬದಲು 60ರಲ್ಲಿ ಹೋದವನಿಗೆ ಸಿಗುವ ಲಾಭ ಎರಡೂವರೆ ನಿಮಿಷ. ಕಲ್ಸಂಕದಲ್ಲಿ ಒಮ್ಮೆ ವಾಹನಗಳ ಸಾಲಿಗೆ ಸಿಕ್ಕಿಬಿದ್ದರೆ ಅದೂ ಕೈಬಿಟ್ಟಿತು.

ಲಾಭದ ಲೆಕ್ಕ ಇಷ್ಟು. ಈಗ ಅದಕ್ಕೆ ತೆರುವ ಬೆಲೆಯನ್ನು ನೋಡೋಣ.

ಬ್ರೇಕ್ ಹಾಕುವ ಮುನ್ನ

ವಾಹನ ನಿಲ್ಲುವುದು ಬ್ರೇಕ್ ಹಾಕಿದ ಜಾಗದಲ್ಲಿ ಅಲ್ಲ ಎಂಬುದು ಎಲ್ಲರಿಗೂ ಗೊತ್ತು. ಬ್ರೇಕ್ ಹಾಕುವ ಮೊದಲೇ ಬಹಳ ದೂರ ಕಳೆದುಹೋಗಿರುತ್ತದೆ ಎಂಬುದು ಅನೇಕರ ಗಮನಕ್ಕೆ ಬರುವುದಿಲ್ಲ. ಎದುರಿಗೆ ದನವೋ ಮಗುವೋ ಅಡ್ಡ ಬಂದಾಗ ಕಣ್ಣು ನೋಡಬೇಕು, ಮಿದುಳು ಅದೇನೆಂದು ಗುರುತಿಸಬೇಕು, ಏನು ಮಾಡುವುದೆಂದು ತೀರ್ಮಾನಿಸಬೇಕು, ಆಮೇಲೆ ಕೈಕಾಲಿಗೆ ಆಜ್ಞೆ ಹೋಗಬೇಕು. ಇಷ್ಟಕ್ಕೆ ಸಾಮಾನ್ಯ ಚಾಲಕನಿಗೆ ಸುಮಾರು ಒಂದೂವರೆ ಸೆಕೆಂಡು ಹಿಡಿಯುತ್ತದೆ. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್. ಹಾಗಾಗಿ ಬ್ರೇಕಿನ ಮೇಲೆ ಕಾಲಿಡುವ ಮೊದಲೇ 25 ಮೀಟರ್ ಕಳೆದಿರುತ್ತದೆ. ನಡುವೆ ಮೂರು ಸೆಕೆಂಡು ಮೊಬೈಲ್ ನೋಡಿದರೆ 50 ಮೀಟರ್ ಕಣ್ಣು ಮುಚ್ಚಿ ಓಡಿಸಿದಂತೆಯೇ.

ಬ್ರೇಕ್ ಹಿಡಿದ ಮೇಲಿನ ಓಟ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಚಲನ ಶಕ್ತಿಯ ಸೂತ್ರ ನೆನಪಿರಬಹುದು: ದ್ರವ್ಯರಾಶಿಯ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ವೇಗ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಆ ಶಕ್ತಿಯನ್ನೆಲ್ಲ ಬ್ರೇಕು ಮತ್ತು ಟಯರು ಘರ್ಷಣೆಯಿಂದ ಶಾಖವಾಗಿ ಕಳೆಯಬೇಕು. ಒಣ ಡಾಂಬರಿನ ಮೇಲೆ ಒಳ್ಳೆಯ ಟಯರಿಗೆ ಸಿಗುವ ಹಿಡಿತ ಮಳೆಯಲ್ಲಿ ಸುಮಾರು ಅರ್ಧಕ್ಕೆ ಇಳಿಯಬಹುದು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಮುಂಗಾರಿನ ಮೊದಲ ಮಳೆಯಂದು ಬೇಸಿಗೆಯ ಉದ್ದಕ್ಕೂ ರಸ್ತೆಗೆ ಬಿದ್ದ ಎಣ್ಣೆ, ಧೂಳು ನೀರಿನೊಡನೆ ಕಲಸಿ ಸಾಬೂನಿನಂತಾಗುತ್ತದೆ. ಅಂದು ಜಾರಿ ಬೀಳುವ ದ್ವಿಚಕ್ರಗಳಿಗೆ ಲೆಕ್ಕವಿರುವುದಿಲ್ಲ.

ಒಂದೂವರೆ ಸೆಕೆಂಡಿನ ಓಟವನ್ನೂ ಸೇರಿಸಿ ಲೆಕ್ಕ ಹಾಕಿದರೆ, 40ರ ವೇಗದ ವಾಹನ ಪೂರ್ತಿ ನಿಲ್ಲಲು ಒಣ ರಸ್ತೆಯಲ್ಲಿ ಸುಮಾರು 25 ಮೀಟರ್, ಒದ್ದೆ ರಸ್ತೆಯಲ್ಲಿ 32 ಮೀಟರ್ ಬೇಕು. 60ರ ವೇಗಕ್ಕೆ ಒಣಗಿದಲ್ಲಿ 45, ಒದ್ದೆಯಲ್ಲಿ 60 ಮೀಟರ್. 80ರ ವೇಗಕ್ಕೆ ಒಣಗಿದಲ್ಲಿ 69, ಒದ್ದೆಯಲ್ಲಿ 95 ಮೀಟರ್.

ಈಗ ಒಂದು ಮಳೆಗಾಲದ ಸಂಜೆಯನ್ನು ಕಲ್ಪಿಸಿಕೊಳ್ಳಿ. ಉಚ್ಚಿಲದ ಬಳಿ ಛತ್ರಿ ಹಿಡಿದ ಮಗುವೊಂದು 60 ಮೀಟರ್ ಮುಂದೆ ರಸ್ತೆಗಿಳಿದಿದೆ. 60ರ ವೇಗದಲ್ಲಿ ಬಂದ ಕಾರು ಮಗುವಿನ ಎದುರಿಗೆ ಬಂದು ನಿಲ್ಲುತ್ತದೆ. ಚಾಲಕನ ಎದೆ ಹೊಡೆದುಕೊಳ್ಳುತ್ತದೆ, ಮಗುವಿಗೆ ಎರಡು ಮಾತು ಬೈಯುತ್ತಾನೆ, ಎಲ್ಲರೂ ಮನೆಗೆ ಹೋಗುತ್ತಾರೆ. ಅಂಥದೇ ಕಾರು, ಅಷ್ಟೇ ಚುರುಕಿನ ಚಾಲಕ, 80ರ ವೇಗದಲ್ಲಿ ಬಂದಿದ್ದರೆ? ಬ್ರೇಕ್ ಹಿಡಿಯುವ ಮುನ್ನವೇ 33 ಮೀಟರ್ ಹೋಯಿತು. ಉಳಿದ 27 ಮೀಟರಿನಲ್ಲಿ ವೇಗ ಎಷ್ಟು ಇಳಿದೀತು? ಹತ್ತನೇ ತರಗತಿ ಮುಗಿಸಿದವರು ಚಲನೆಯ ಸಮೀಕರಣದಿಂದ ತಾವೇ ಲೆಕ್ಕ ಹಾಕಿ ನೋಡಬಹುದು. ಉತ್ತರ: ಕಾರು ಮಗುವಿಗೆ ಬಡಿಯುವಾಗ ಅದರ ವೇಗ ಇನ್ನೂ ಗಂಟೆಗೆ 60 ಕಿ.ಮೀ.

ಕೇವಲ ಇಪ್ಪತ್ತು ಹೆಚ್ಚು ಎನ್ನುವವರು ಈ ಲೆಕ್ಕವನ್ನು ಒಮ್ಮೆ ಕಾಗದದ ಮೇಲೆ ಮಾಡಿ ನೋಡಬೇಕು. ಒಂದು ಕಾರು ನಿಂತ ಜಾಗದಲ್ಲಿ ಇನ್ನೊಂದು ಕಾರು ಪೂರಾ 60ರ ವೇಗದಲ್ಲಿರುತ್ತದೆ. ಮೂರೂಕಾಲು ನಿಮಿಷಕ್ಕೆ ತೆರುವ ಬೆಲೆ ಇದು.

ಎದುರಿನಿಂದ ಬಂದವನು

ವಿರುದ್ಧ ದಿಕ್ಕಿನಲ್ಲಿ ಹೋಗುವವರು "ಮೆಲ್ಲಗೆ, ಬದಿಯಲ್ಲೇ ಹೋಗುತ್ತೇವಲ್ಲ" ಎನ್ನುತ್ತಾರೆ. ಸಾಪೇಕ್ಷ ವೇಗದ ಪಾಠ ಇಲ್ಲಿ ಬೇಕಾಗುತ್ತದೆ. ಸ್ಕೂಟರ್ 40ರಲ್ಲಿ, ಬಸ್ಸು 60ರಲ್ಲಿ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ ಬಸ್ಸು ಸ್ಕೂಟರನ್ನು ಸಮೀಪಿಸುವ ವೇಗ 20 ಮಾತ್ರ. ನಡುವೆ 100 ಮೀಟರ್ ಅಂತರವಿದ್ದರೆ ಬಸ್ಸಿನ ಚಾಲಕನಿಗೆ 18 ಸೆಕೆಂಡು ಸಮಯವಿದೆ. ಎದುರುಬದುರಾಗಿ ಬಂದರೆ ಸಮೀಪಿಸುವ ವೇಗ 100. ಅದೇ ನೂರು ಮೀಟರಿಗೆ ಇರುವುದು ಮೂರೂವರೆ ಸೆಕೆಂಡು ಚಿಲ್ಲರೆ. ಅದರಲ್ಲಿ ಒಂದೂವರೆ ಸೆಕೆಂಡು ನೋಡಿ ಅರ್ಥ ಮಾಡಿಕೊಳ್ಳುವುದಕ್ಕೇ ಹೋಯಿತು. ಮಳೆಯಿದ್ದರೆ ಇಬ್ಬರೂ ನಿಲ್ಲಲು ಒಟ್ಟು 92 ಮೀಟರ್ ಬೇಕು.

ಇನ್ನೊಂದು ಸಂಗತಿ. ಏಕಮುಖ ಸಂಚಾರದ ರಸ್ತೆಯಲ್ಲಿ ತಿರುಗಿಕೊಳ್ಳುವ ಚಾಲಕ, ದಾಟುವ ಪಾದಚಾರಿ, ಇಬ್ಬರೂ ನೋಡುವುದು ವಾಹನ ಬರಬೇಕಾದ ದಿಕ್ಕಿನ ಕಡೆಗೆ. ವಿರುದ್ಧ ದಿಕ್ಕಿನಿಂದ ಬರುವವನು ಯಾರ ಕಣ್ಣಿಗೂ ಬೀಳುವುದಿಲ್ಲ.

ತಲೆ ಮತ್ತು ತೆಂಗಿನಕಾಯಿ

ವಿಜ್ಞಾನದಲ್ಲಿ ವೇಗವನ್ನು ಎತ್ತರಕ್ಕೆ ಪರಿವರ್ತಿಸಿ ನೋಡಬಹುದು. 40ರ ವೇಗದಲ್ಲಿ ಗೋಡೆಗೆ ಬಡಿಯುವುದು ಆರು ಮೀಟರ್ ಎತ್ತರದಿಂದ ಬಿದ್ದಂತೆ. 60ರ ವೇಗ ಎಂದರೆ 14 ಮೀಟರ್, ಒಳ್ಳೆಯ ಫಲ ಬಿಡುವ ತೆಂಗಿನ ಮರದ ತುದಿ. 80 ಎಂದರೆ 25 ಮೀಟರ್, ಮರದ ಮೇಲೆ ಇನ್ನೊಂದು ಅಡಿಕೆ ಮರ ನಿಲ್ಲಿಸಿದಂತೆ. ತೆಂಗಿನ ಮರ ಹತ್ತುವವರು ಎಷ್ಟು ಎಚ್ಚರದಿಂದ ಒಂದೊಂದು ಹೆಜ್ಜೆ ಇಡುತ್ತಾರೆ ಎಂಬುದನ್ನು ಕರಾವಳಿಯ ಮಕ್ಕಳು ಕಂಡಿದ್ದಾರೆ. ಅದೇ ಎತ್ತರದ ಅಪಾಯವನ್ನು ಸೀಟಿನ ಮೇಲೆ ಕುಳಿತವರು ಮರೆಯುತ್ತಾರೆ.

ತೆಂಗಿನಕಾಯಿ ಮುರಕಲ್ಲಿನ ಮೇಲೆ ಬಿದ್ದರೆ ಒಡೆಯುತ್ತದೆ, ಹೊಯ್ಗೆಯ ಮೇಲೆ ಬಿದ್ದರೆ ಉಳಿಯುತ್ತದೆ. ಬಿದ್ದ ವೇಗ ಒಂದೇ. ಹೊಯ್ಗೆ ತುಸು ಕುಸಿದು, ನಿಲ್ಲುವ ಕಾಲವನ್ನು ಹಿಗ್ಗಿಸಿ, ಬಲವನ್ನು ತಗ್ಗಿಸಿತು. ಸಿಪ್ಪೆ ಸುಲಿಯದ ಕಾಯಿ ಕಲ್ಲಿನ ಮೇಲೆ ಬಿದ್ದರೂ ಬಹುತೇಕ ಉಳಿಯುವುದು ಅದರ ನಾರಿನಿಂದ. ಹೆಲ್ಮೆಟ್ಟಿನ ಒಳಗಿರುವ ದಪ್ಪ ಥರ್ಮೋಕೋಲಿನಂಥ ಪದರ ಮಾಡುವುದೂ ಇದೇ ಕೆಲಸ. ಹೊರಗಿನ ಚಿಪ್ಪು ಪೆಟ್ಟನ್ನು ಹರಡುತ್ತದೆ, ಒಳಗಿನ ಪದರ ತಾನು ಜಜ್ಜಿಹೋಗಿ ತಲೆಯನ್ನು ಉಳಿಸುತ್ತದೆ. ಆದ್ದರಿಂದಲೇ ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟನ್ನು ಮತ್ತೆ ಬಳಸಬಾರದು. ಬರೇ ಟೋಪಿಯಂಥ ಪ್ಲಾಸ್ಟಿಕ್ ಚಿಪ್ಪಿಗೆ ಆ ಪದರವೇ ಇರುವುದಿಲ್ಲ. ಅದು ಪೊಲೀಸರಿಂದ ಕಾಪಾಡೀತು, ರಸ್ತೆಯಿಂದ ಅಲ್ಲ. ಐ.ಎಸ್.ಐ. ಗುರುತು ಮತ್ತು ಐ.ಎಸ್. 4151 ಎಂಬ ಸಂಖ್ಯೆ ನೋಡಿ ಕೊಳ್ಳಬೇಕು, ಗದ್ದದ ಪಟ್ಟಿ ಬಿಗಿಯಬೇಕು.

ಹೆಲ್ಮೆಟ್ಟಿನ ಹಿಂದೆ ಒಂದು ಕಥೆಯೂ ಇದೆ. 'ಅರೇಬಿಯಾದ ಲಾರೆನ್ಸ್' ಎಂದು ಹೆಸರಾದ ಟಿ.ಇ. ಲಾರೆನ್ಸ್ 1935ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿ ಮೋಟಾರ್ ಸೈಕಲಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಆರು ದಿನಗಳ ಬಳಿಕ ತೀರಿಕೊಂಡರು. ಅವರನ್ನು ನೋಡಿದ ವೈದ್ಯರಲ್ಲಿ ಹ್ಯೂ ಕೇರ್ನ್ಸ್ ಎಂಬ ನರಶಸ್ತ್ರಚಿಕಿತ್ಸಕರೊಬ್ಬರಿದ್ದರು. ಮಹಾಯುದ್ಧದ ಕಾಲದಲ್ಲಿ ಶತ್ರುವಿನ ಗುಂಡಿಲ್ಲದೆ, ಸ್ವಂತ ಊರಿನ ರಸ್ತೆಯಲ್ಲೇ ಮೋಟಾರ್ ಸೈಕಲಿನಿಂದ ಬಿದ್ದು ಸಾಯುತ್ತಿದ್ದ ಸೈನಿಕರ ಲೆಕ್ಕವನ್ನು ಕೇರ್ನ್ಸ್ ಸಂಗ್ರಹಿಸಿದರು. 1941ರಲ್ಲಿ ಅವರ ಪ್ರಬಂಧ ಪ್ರಕಟವಾಯಿತು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಒಬ್ಬ ರೋಗಿಯನ್ನು ಉಳಿಸಲಾಗದ ವೈದ್ಯ ಮುಂದೆ ಲಕ್ಷಾಂತರ ಜನರನ್ನು ಉಳಿಸಿದ ಕಥೆ ಇದು. ಹೆಲ್ಮೆಟ್ ಸಾವಿನ ಅಪಾಯವನ್ನು ನೂರಕ್ಕೆ ಸುಮಾರು 42ರಷ್ಟು, ತಲೆಯ ಗಾಯವನ್ನು ಸುಮಾರು 69ರಷ್ಟು ತಗ್ಗಿಸುತ್ತದೆಂದು ಮುಂದಿನ ಅಧ್ಯಯನಗಳ ಒಟ್ಟು ಲೆಕ್ಕ ತೋರಿಸಿದೆ. ಭಾರತದಲ್ಲಿ 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029. ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು. ಹಿಂಬದಿ ಸವಾರರಿಗೂ ಹೆಲ್ಮೆಟ್ ಕರ್ನಾಟಕದಲ್ಲಿ 2016ರ ಜನವರಿಯಿಂದಲೇ ಕಡ್ಡಾಯ. ಆದರೂ ಹಿಂದೆ ಕುಳಿತ ತಂಗಿಗೆ ಹೆಲ್ಮೆಟ್ ಕೊಳ್ಳುವುದು ಬಹಳ ಮನೆಗಳಲ್ಲಿ ಇನ್ನೂ ಬಾಕಿಯಿದೆ.

ಮಣಿಪಾಲದಂಥ ವಿದ್ಯಾರ್ಥಿಗಳ ಊರಿನಲ್ಲಿ ರಾತ್ರಿ ಹೊತ್ತು ಬೈಕಿನ ಮುಂದಿನ ಚಕ್ರ ಎತ್ತಿ ಓಡಿಸುವ ಹುಚ್ಚು ಆಗಾಗ ಕಾಣಿಸಿಕೊಳ್ಳುತ್ತದೆ. ಬ್ರೇಕ್ ಹಿಡಿದಾಗ ವಾಹನದ ಭಾರ ಮುಂದಕ್ಕೆ ವಾಲುವುದರಿಂದ ಹೆಚ್ಚಿನ ಹಿಡಿತ ಇರುವುದು ಮುಂದಿನ ಚಕ್ರದಲ್ಲಿ. ದಿಕ್ಕು ತಿರುಗಿಸುವುದೂ ಅದೇ ಚಕ್ರ. ಅದನ್ನು ಗಾಳಿಗೆತ್ತಿದವನು ತನ್ನ ಬ್ರೇಕನ್ನೂ ಚುಕ್ಕಾಣಿಯನ್ನೂ ಒಟ್ಟಿಗೆ ಬಿಟ್ಟುಕೊಟ್ಟಿದ್ದಾನೆ. ಒಬ್ಬನೇ ಇದ್ದಾಗ ಮಾಡದ ಸಾಹಸವನ್ನು ಗೆಳೆಯರು ನೋಡುತ್ತಿದ್ದಾಗ ಹದಿಹರೆಯದವರು ಮಾಡುತ್ತಾರೆಂಬುದನ್ನು ಮನೋವಿಜ್ಞಾನದ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಚಪ್ಪಾಳೆ ತಟ್ಟುವ ಗೆಳೆಯನಿಗೂ ಇದರಲ್ಲಿ ಪಾಲಿದೆ.

ಬಸ್ಸಿನ ಟೈಮಿಂಗ್

ಹುಡುಗರನ್ನಷ್ಟೇ ದೂರಿದರೆ ನ್ಯಾಯವಾಗದು. ಖಾಸಗಿ ಬಸ್ಸುಗಳಿಲ್ಲದೆ ಕರಾವಳಿಯ ಜನಜೀವನವೇ ಇಲ್ಲ. ಹಳ್ಳಿ ಹಳ್ಳಿಗೂ ಹೋಗಿ, ಹೊತ್ತಿಗೆ ಸರಿಯಾಗಿ ಬಂದು, ತಲೆಮಾರುಗಳನ್ನು ಶಾಲೆ ಕಾಲೇಜಿಗೆ ತಲುಪಿಸಿದ ಸೇವೆ ಅದು. ಆದರೆ ಒಂದೇ ಮಾರ್ಗದಲ್ಲಿ ಕೆಲವೇ ನಿಮಿಷಗಳ ಅಂತರದಲ್ಲಿ ಹಲವು ಮಾಲಕರ ಬಸ್ಸುಗಳು ಓಡುವಾಗ, ಮುಂದಿನ ನಿಲ್ದಾಣದ ಪ್ರಯಾಣಿಕರು ಮೊದಲು ಬಂದವರ ಪಾಲು. ಕಲೆಕ್ಷನ್ನಿನ ಮೇಲೆ ಚಾಲಕ ನಿರ್ವಾಹಕರ ಸಂಪಾದನೆ ನಿಂತಿರುವಲ್ಲಿ ವೇಗವೇ ಹೊಟ್ಟೆಪಾಡು. ಹತ್ತುವವರ ಕಾಲು ಮೆಟ್ಟಿಲಿನ ಮೇಲೆ ಇನ್ನೂ ಊರದಿರುವಾಗಲೇ "ಪೋಯಿ ಪೋಯಿ" ಎಂಬ ಕೂಗು ಕೇಳುವುದು ಇದಕ್ಕೇ. ಬಾಗಿಲಿನಲ್ಲಿ ಜೋತುಬಿದ್ದ ವಿದ್ಯಾರ್ಥಿಗೆ ಜಡತ್ವದ ನಿಯಮವನ್ನು ತರಗತಿಯಲ್ಲಿ ಕಲಿಸಿರುತ್ತಾರೆ. ಬಸ್ಸು ತಿರುವಿನಲ್ಲಿ ಹೊರಳುವಾಗ ಅದು ಪರೀಕ್ಷೆ ಮಾಡುತ್ತದೆ.

ಬಸ್ಸುಗಳ ಪರವಾನಿಗೆ, ವೇಳಾಪಟ್ಟಿಗಳನ್ನು ನಿರ್ಧರಿಸುವುದು ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ರಸ್ತೆಯಲ್ಲಿ ದಟ್ಟಣೆ ಬೆಳೆದಂತೆ ಟ್ರಿಪ್ಪಿಗೆ ಕೊಟ್ಟ ನಿಮಿಷಗಳೂ ಬೆಳೆಯಬೇಕು. ಹಳೆಯ ವೇಳೆಯನ್ನು ಹೊಸ ದಟ್ಟಣೆಯಲ್ಲಿ ಪಾಲಿಸೆಂದರೆ ಚಾಲಕ ಮಾಡುವುದೇನು? ಅವನ ವರ್ತನೆಯನ್ನು ತಿದ್ದಲು ದಂಡದಷ್ಟೇ ಸಂಬಳದ ಕ್ರಮವೂ, ವೇಳಾಪಟ್ಟಿಯೂ ಮುಖ್ಯ.

ಎರಡು ನೆನಪುಗಳು

2016ರ ಜೂನ್ 21ರ ಬೆಳಿಗ್ಗೆ ಉಡುಪಿ ಜಿಲ್ಲೆಯ ತ್ರಾಸಿ ಸಮೀಪದ ಮೊವಾಡಿಯಲ್ಲಿ ಶಾಲಾ ಮಕ್ಕಳನ್ನು ಕರೆದೊಯ್ಯುತ್ತಿದ್ದ ವ್ಯಾನಿಗೂ ಖಾಸಗಿ ಬಸ್ಸಿಗೂ ಡಿಕ್ಕಿಯಾಗಿ ಎಂಟು ಮಕ್ಕಳು ಸತ್ತರು. ಶಾಲೆ ಆರಂಭವಾಗಿ ತಿಂಗಳೂ ಆಗಿರಲಿಲ್ಲ. ಒಂದು ವ್ಯಾನಿನಲ್ಲಿ ಎಷ್ಟು ಮಕ್ಕಳನ್ನು ಕೂರಿಸಬೇಕು ಎಂಬ ಪ್ರಶ್ನೆ ಆಮೇಲೆ ಮನೆ ಮನೆಯಲ್ಲೂ ಎದ್ದಿತು. ಆ ಪ್ರಶ್ನೆಯನ್ನು ಪ್ರತಿ ಜೂನ್ ತಿಂಗಳಲ್ಲೂ, ಮಗುವನ್ನು ವ್ಯಾನಿಗೆ ಹತ್ತಿಸುವ ಮೊದಲ ದಿನವೇ, ಹೆತ್ತವರು ಕೇಳಬೇಕು. ಬಾಡಿಗೆ ಸ್ವಲ್ಪ ಹೆಚ್ಚಾದರೂ ಸರಿ, ಸೀಟಿಗೊಂದು ಮಗು ಎನ್ನುವ ಹತ್ತು ಮಂದಿ ಹೆತ್ತವರು ಒಟ್ಟಾದರೆ ವ್ಯಾನಿನವರು ಕೇಳದಿರುವುದಿಲ್ಲ.

2020ರ ಫೆಬ್ರವರಿ 15ರಂದು ಕಾರ್ಕಳ ತಾಲೂಕಿನ ಮಾಳ ಘಾಟಿಯಲ್ಲಿ ಮೈಸೂರಿನಿಂದ ಪ್ರವಾಸ ಬಂದಿದ್ದವರ ಬಸ್ಸು ರಸ್ತೆ ಬದಿಯ ಬಂಡೆಗೆ ಅಪ್ಪಳಿಸಿ ಒಂಬತ್ತು ಮಂದಿ ಅಸುನೀಗಿದರು. ಪರಿಚಯವಿಲ್ಲದ ಘಾಟಿಯನ್ನು ಇಳಿಯುವವರಿಗೆ ವಿಜ್ಞಾನ ಎರಡು ಮಾತು ಹೇಳುತ್ತದೆ. ತಿರುವಿನಲ್ಲಿ ವಾಹನವನ್ನು ಹಿಡಿದಿಡಲು ಬೇಕಾದ ಬಲವೂ ವೇಗದ ವರ್ಗದಂತೆಯೇ ಏರುತ್ತದೆ. 20ರಲ್ಲಿ ಸುಲಭವಾದ ತಿರುವು 40ರಲ್ಲಿ ನಾಲ್ಕು ಪಟ್ಟು ಕಠಿಣ. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ಹತ್ತುವಾಗ ಬಳಸುವ ಕೆಳಗಿನ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುತ್ತಿದ್ದುದು ಇದಕ್ಕಾಗಿ. ಶಾಲಾ ಪ್ರವಾಸಕ್ಕೆ ಬಸ್ಸು ಗೊತ್ತುಮಾಡುವ ಶಿಕ್ಷಕರು ಬಾಡಿಗೆಯ ಜೊತೆಗೆ, ಚಾಲಕ ಹಿಂದಿನ ರಾತ್ರಿ ನಿದ್ರೆ ಮಾಡಿದ್ದಾನೆಯೇ, ಘಾಟಿ ಅವನಿಗೆ ಪರಿಚಿತವೇ ಎಂದೂ ವಿಚಾರಿಸುವುದು ಒಳ್ಳೆಯದು.

ಹೆತ್ತವರ ಕೈಯಲ್ಲಿರುವ ಕೀಲಿ

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಲೈಸೆನ್ಸ್ ಪಡೆಯಲು 18 ವರ್ಷ ತುಂಬಿರಬೇಕು. 16 ತುಂಬಿದವರು 50 ಸಿ.ಸಿ. ಮೀರದ ಮೋಟಾರ್ ಸೈಕಲನ್ನು ಲೈಸೆನ್ಸ್ ಪಡೆದು ಓಡಿಸಬಹುದು. ಆದರೆ ಮನೆಗಳಲ್ಲಿರುವ ಸಾಮಾನ್ಯ ಸ್ಕೂಟರುಗಳು 100 ಸಿ.ಸಿ.ಗೂ ಮೇಲಿನವು. ಗಂಟೆಗೆ 25 ಕಿ.ಮೀ. ಮೀರದ ಸಣ್ಣ ವಿದ್ಯುತ್ ಸ್ಕೂಟರುಗಳಿಗೆ ಲೈಸೆನ್ಸ್ ಬೇಡವೆಂದು ಮಕ್ಕಳ ಕೈಗೆ ಕೊಡುವವರಿದ್ದಾರೆ. ಲೈಸೆನ್ಸ್ ಬೇಡದಿರಬಹುದು, ತಲೆ ಮಾತ್ರ ಎಲ್ಲರಿಗೂ ಒಂದೇ.

2019ರ ತಿದ್ದುಪಡಿಯಲ್ಲಿ ಸೇರಿದ 199ಎ ವಿಧಿಯನ್ನು ಪ್ರತಿಯೊಬ್ಬ ತಂದೆತಾಯಿಯೂ ತಿಳಿದಿರಬೇಕು. ಅಪ್ರಾಪ್ತರು ವಾಹನ ಓಡಿಸಿ ಅಪರಾಧವಾದರೆ ಹೆತ್ತವರು ಅಥವಾ ವಾಹನದ ಮಾಲಕರೇ ತಪ್ಪಿತಸ್ಥರು. ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಅಪಘಾತದಲ್ಲಿ ಬೇರೆಯವರಿಗೆ ಪೆಟ್ಟಾದರೆ ಪರಿಹಾರದ ಹಣವನ್ನು ವಿಮಾ ಸಂಸ್ಥೆ ಮಾಲಕರಿಂದಲೇ ವಸೂಲು ಮಾಡಬಹುದು. "ಕಾಲೇಜಿಗೆ ಮಾತ್ರ, ಹೆದ್ದಾರಿಗೆ ಹೋಗುವುದಿಲ್ಲ" ಎಂಬ ಸಮಾಧಾನವನ್ನು ಯಾವ ನ್ಯಾಯಾಲಯವೂ ಒಪ್ಪದು.

ಆದರೆ ತಾಯಂದಿರ ಕಷ್ಟವನ್ನೂ ಕೇಳಬೇಕು. ಸಮಯಕ್ಕೆ ಬಸ್ಸಿಲ್ಲದ ಹಳ್ಳಿಯಿಂದ ಟ್ಯೂಷನ್ನಿಗೆ ಹೋಗಿ ಕತ್ತಲಾದ ಮೇಲೆ ಮರಳುವ ಮಗಳಿಗೆ ಸ್ಕೂಟರ್ ಕೊಡದೆ ಮಾಡುವುದೇನು? ಬಸ್ಸಿನ ವೇಳೆ, ಟ್ಯೂಷನ್ನಿನ ವೇಳೆ, ಶಾಲೆಯ ವೇಳೆಗಳನ್ನು ಹೊಂದಿಸುವುದೂ ರಸ್ತೆ ಸುರಕ್ಷತೆಯ ಕೆಲಸವೇ.

ರಸ್ತೆಯೂ ತಪ್ಪು ಮಾಡುತ್ತದೆ

ಸ್ವೀಡನ್ ದೇಶದ ಸಂಸತ್ತು 1997ರಲ್ಲಿ ಒಂದು ನೀತಿಯನ್ನು ಅಂಗೀಕರಿಸಿತು. ಮನುಷ್ಯ ತಪ್ಪು ಮಾಡಿಯೇ ಮಾಡುತ್ತಾನೆ, ಆ ತಪ್ಪಿಗೆ ಅವನು ಪ್ರಾಣ ತೆರಬಾರದು, ಹಾಗೆ ರಸ್ತೆಯನ್ನು ಕಟ್ಟುವುದು ಕಟ್ಟುವವರ ಹೊಣೆ ಎಂಬುದು ಅದರ ಸಾರ. ಇದನ್ನು ಇಲ್ಲಿಗೆ ತಂದು ನೋಡಿದರೆ ಕಾಪುವಿನ ಹುಡುಗನ ತಪ್ಪು ಬೇರೆಯೇ ಆಗಿ ಕಾಣುತ್ತದೆ. ಹಿಂದಿನ 17ನೇ ಸಂಖ್ಯೆಯ, ಈಗಿನ 66ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಚತುಷ್ಪಥವಾದಾಗ ಪಡುಬಿದ್ರಿಯಿಂದ ಉಡುಪಿಯವರೆಗೂ ಊರುಗಳು ಎರಡು ಹೋಳಾದವು. ಶಾಲೆ ಒಂದು ಬದಿ, ಮನೆ ಇನ್ನೊಂದು ಬದಿ. ಸರ್ವಿಸ್ ರಸ್ತೆ ಇಲ್ಲದಲ್ಲಿ, ತಿರುಗುವ ಜಾಗ ದೂರವಿದ್ದಲ್ಲಿ ನೂರಾರು ಮಂದಿ ದಿನವೂ ವಿರುದ್ಧ ದಿಕ್ಕಿನಲ್ಲಿ ಹೋಗುತ್ತಾರೆಂದರೆ, ಅಷ್ಟೂ ಜನ ಬುದ್ಧಿಗೇಡಿಗಳೆನ್ನುವುದಕ್ಕಿಂತ ಅಲ್ಲಿ ಏನೋ ಕೊರತೆಯಿದೆ ಎನ್ನುವುದು ಸರಿ.

ಕೊಯಮತ್ತೂರಿನ ಮೂಳೆತಜ್ಞ ಡಾ. ಎಸ್. ರಾಜಶೇಖರನ್ ಹೂಡಿದ ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2014ರಲ್ಲಿ ರಸ್ತೆ ಸುರಕ್ಷತೆಗಾಗಿ ಸಮಿತಿಯೊಂದನ್ನು ನೇಮಿಸಿತು. 2017ರ ಆದೇಶದಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗಳು ಇರಬೇಕೆಂದೂ ಅಪಾಯದ ತಾಣಗಳನ್ನು ಗುರುತಿಸಿ ಸರಿಪಡಿಸಬೇಕೆಂದೂ ಹೇಳಿತು. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯಗಳ ಐದು ಅಪಘಾತಗಳಾಗಿದ್ದರೆ, ಇಲ್ಲವೇ ಹತ್ತು ಮಂದಿ ಸತ್ತಿದ್ದರೆ ಅದು 'ಬ್ಲ್ಯಾಕ್ ಸ್ಪಾಟ್'. ಕೆಟ್ಟ ವಿನ್ಯಾಸ, ಕೆಟ್ಟ ನಿರ್ವಹಣೆಯಿಂದ ಸಾವು ನೋವಾದರೆ ರಸ್ತೆಯ ಹೊಣೆ ಹೊತ್ತವರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸುವ 198ಎ ವಿಧಿಯೂ 2019ರಿಂದ ಕಾಯ್ದೆಯಲ್ಲಿದೆ. ಹತ್ತು ಜನ ಸಾಯುವವರೆಗೆ ಕಾಯುವುದಕ್ಕಿಂತ, ಊರವರು, ಶಾಲೆಯ ಶಿಕ್ಷಕ ರಕ್ಷಕ ಸಂಘದವರು ತಮ್ಮ ಜಂಕ್ಷನ್ನಿನ ನಕ್ಷೆ ಬರೆದು, ಯಾವ ಹೊತ್ತಿಗೆ ಎಷ್ಟು ಮಕ್ಕಳು ದಾಟುತ್ತಾರೆಂದು ಎಣಿಸಿ ಜಿಲ್ಲಾ ಸಮಿತಿಗೆ ಬರೆಯಬಹುದು. ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ವಿಜ್ಞಾನ ಪ್ರಾಜೆಕ್ಟ್ ಬೇಕೆ?

ಅಪಘಾತ ಕಂಡಾಗ ಪೊಲೀಸು, ಕೋರ್ಟು ಎಂದು ಹೆದರಿ ದೂರ ಸರಿಯುವುದೂ ಬೇಡ. ಗಾಯಾಳುವಿಗೆ ಸದುದ್ದೇಶದಿಂದ ನೆರವಾದವರನ್ನು 134ಎ ವಿಧಿ ರಕ್ಷಿಸುತ್ತದೆ. ಹೆಸರು ಹೇಳಲೇಬೇಕೆಂಬ ಒತ್ತಾಯವಿಲ್ಲ. 108ಕ್ಕೆ ಕರೆ ಮಾಡಿ, ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆ ತಲುಪಿಸಿದರೆ ಬದುಕುವ ಸಂಭವ ಹೆಚ್ಚು. 2025ರ ಮೇ ತಿಂಗಳಲ್ಲಿ ಜಾರಿಗೆ ಬಂದ ಕೇಂದ್ರದ ಯೋಜನೆಯಲ್ಲಿ ಗಾಯಾಳುವಿಗೆ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ನಗದು ಕಟ್ಟದೆ ಚಿಕಿತ್ಸೆಗೆ ಅವಕಾಶವಿದೆ.

ಮನೆಯಲ್ಲೇ ಒಂದು ಪ್ರಯೋಗ

ಒಂದು ಅಡಿಯ ಸ್ಕೇಲು ತೆಗೆದುಕೊಳ್ಳಿ. ಅಪ್ಪ ಅದರ ಮೇಲ್ತುದಿ ಹಿಡಿದು ನೇರ ತೂಗಿಸಲಿ. ಮಗ ಅಥವಾ ಮಗಳು ಕೆಳಗೆ ಸೊನ್ನೆಯ ಗುರುತಿನ ಹತ್ತಿರ ಹೆಬ್ಬೆರಳು, ತೋರುಬೆರಳು ಅಗಲಿಸಿ ಕಾಯಲಿ. ಅಪ್ಪ ಹೇಳದೆ ಕೇಳದೆ ಬಿಡಬೇಕು, ಮಕ್ಕಳು ಹಿಡಿಯಬೇಕು. 15 ಸೆಂಟಿಮೀಟರಿನಲ್ಲಿ ಹಿಡಿದರೆ ಪ್ರತಿಕ್ರಿಯೆಯ ಕಾಲ ಸುಮಾರು 0.17 ಸೆಕೆಂಡು, 20ರಲ್ಲಿ ಹಿಡಿದರೆ 0.20, ಇಡೀ ಸ್ಕೇಲು ಜಾರಿಹೋದರೆ 0.25ಕ್ಕಿಂತ ಹೆಚ್ಚು. ಐದು ಸಲ ಮಾಡಿ ಸರಾಸರಿ ತೆಗೆಯಿರಿ. ಆಮೇಲೆ ಫೋನಿನಲ್ಲಿ ಮಾತಾಡುತ್ತ, ಹದಿನೇಳರ ಮಗ್ಗಿ ಹೇಳುತ್ತ ಮತ್ತೆ ಹಿಡಿದು ನೋಡಿ. ಸ್ಕೇಲು ನೆಲಕ್ಕೆ ಬಿದ್ದರೆ ಬೇಸರಪಡಬೇಡಿ. ಸ್ಕೇಲು ಬೀಳುತ್ತದೆಂದು ಮೊದಲೇ ಗೊತ್ತಿದ್ದೂ ಇಷ್ಟು ಹೊತ್ತು ಹಿಡಿಯಿತು. ರಸ್ತೆಯಲ್ಲಿ ಯಾವಾಗ ಏನು ಅಡ್ಡ ಬರುತ್ತದೆಂದು ಯಾರೂ ಮೊದಲೇ ಹೇಳುವುದಿಲ್ಲ. ಹಾಗಾಗಿಯೇ ಅಲ್ಲಿ ಒಂದೂವರೆ ಸೆಕೆಂಡು.

ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಕಾಪುವಿನ ಹುಡುಗನಿಗೆ ಬೇಕಾದದ್ದು ಮೂರೇ ಮೂರು ನಿಮಿಷ. ಹೆದ್ದಾರಿಯಲ್ಲಿ ಹುಡುಕಿದರೆ ಅದಕ್ಕೆ ದುಬಾರಿ ಬೆಲೆ ಕೊಡಬೇಕು. ಮನೆಯಲ್ಲಿ ಅದು ಪುಕ್ಕಟೆ ಸಿಗುತ್ತದೆ. ಬೆಳಿಗ್ಗೆ ಮೂರು ನಿಮಿಷ ಮೊದಲು ಎದ್ದರಾಯಿತು. ಬಸ್ಸು ಹಿಡಿಯಲು ಸಮಯವಿರುತ್ತದೆ. ಹೊರಡುವ ಮುನ್ನ ಅಮ್ಮನ ಮಾತಿಗೆ ನಿಂತು ಉತ್ತರ ಕೊಡಲೂ ಸಮಯವಿರುತ್ತದೆ.